ಏಣು, ಹೊಳೆ, ಕಂದಾಯ: ಕೊಡಗಿನ ಚರಿತ್ರೆಯನ್ನು ಎಲ್ಲಿಂದ ಓದಬೇಕು?

ನೀರ್ಗಡಿ

ಕೊಡಗಿನ ಪರಿಚಯ ಲೇಖನಗಳಲ್ಲಿ ಸಾಮಾನ್ಯವಾಗಿ ಭೂಗೋಳಕ್ಕೆ ಒಂದು ಭಾಗ, ಇತಿಹಾಸಕ್ಕೆ ಇನ್ನೊಂದು ಭಾಗ ಇರುತ್ತದೆ. ಮೊದಲನೆಯದರಲ್ಲಿ ತಡಿಯಂಡಮೋಳು ಬೆಟ್ಟದ ಎತ್ತರ 1,748 ಮೀಟರ್, ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್ ಎಂದು ಬರೆದು, ಎರಡನೆಯದರಲ್ಲಿ ಕೊಡಗನ್ನು ಆಳಿದ ಹಾಲೇರಿ ಅರಸರ ಪಟ್ಟಿ ಕೊಟ್ಟು ಮುಗಿಸುತ್ತಾರೆ. ಇವೆರಡನ್ನೂ ಬೇರೆ ಬೇರೆ ಓದಿದರೆ ಕೊಡಗು ಅರ್ಥವಾಗುವುದಿಲ್ಲ ಎಂಬುದು ನನ್ನ ವಾದ. ಅದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ವಾಯವ್ಯದ ಪುಷ್ಪಗಿರಿಯಿಂದ ದಕ್ಷಿಣದ ಬ್ರಹ್ಮಗಿರಿಯವರೆಗೆ ಪಶ್ಚಿಮ ಘಟ್ಟದ ಏಣು, ಅಂದರೆ ಬೆಟ್ಟಸಾಲಿನ ನೆತ್ತಿ, ಜಿಲ್ಲೆಯ ಅಂಚಿನುದ್ದಕ್ಕೂ ಸಾಗುತ್ತದೆ. ಅದರ ಪೂರ್ವಕ್ಕೆ ಬಿದ್ದ ಮಳೆ ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥಗಳ ಮೂಲಕ ಬಂಗಾಳ ಕೊಲ್ಲಿಯ ಕಡೆಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆ, ಪಯಸ್ವಿನಿ, ಬಾರಪೊಳೆಗಳಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವದ ಇಳಿಜಾರು ನಿಧಾನವಾಗಿ ಮೈಸೂರಿನ ಬಯಲಿಗೆ ಇಳಿದರೆ, ಪಶ್ಚಿಮದ್ದು ಕಡಿದಾಗಿ ಕುಸಿಯುತ್ತದೆ. ಇಲ್ಲಿ ಅಧಿಕಾರ ನಡೆಸಿದವರೆಲ್ಲರೂ ಈ ಏಣನ್ನು ದಾಟುವ ಕೆಲವೇ ಕಣಿವೆದಾರಿಗಳನ್ನು ಹಿಡಿದಿಟ್ಟುಕೊಳ್ಳಲು ಹೆಣಗಿದವರು. ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಮಡಿಕೇರಿಗೆ ತಂದದ್ದನ್ನು ನಾನು ಹೀಗೆಯೇ ಓದುತ್ತೇನೆ. ಸಂಪಾಜೆಯ ಕಡೆಯಿಂದ ಹತ್ತಿ ಬರುವ ದಾರಿಯೂ ಪೂರ್ವದ ಬಯಲಿಗೆ ಇಳಿಯುವ ದಾರಿಯೂ ಕೂಡುವ ಜಾಗ ಅದು.

ಮುಂದಿನ ಶತಮಾನದಲ್ಲಿ ಇದೇ ತರ್ಕ ಇನ್ನೂ ಸ್ಪಷ್ಟವಾಗುತ್ತದೆ. ಮಡಿಕೇರಿ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿ ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟ ಟಿಪ್ಪುವಿಗೆ ಕೊಡಗು ಬೇಕಾಗಿದ್ದುದು ಮಲಬಾರಿನ ದಾರಿಗಾಗಿ. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರನೊಡನೆ ಇಂಗ್ಲಿಷರು 1790ರಲ್ಲಿ ಒಪ್ಪಂದ ಮಾಡಿಕೊಂಡದ್ದೂ ಅದೇ ದಾರಿಗಾಗಿ. ಇಂಗ್ಲಿಷ್ ಜನರಲ್ ಅಬರ್‌ಕ್ರೋಂಬಿಯ ಮುಂಬಯಿ ಸೈನ್ಯ ಕಣ್ಣೂರಿನ ಕಡೆಯಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣದತ್ತ ಸಾಗಿದ್ದು ಈ ನೆಲದ ಮೇಲೆಯೇ. ವಿರಾಜಪೇಟೆ ಎಂಬ ಪಟ್ಟಣ 1792ರಲ್ಲಿ ಹುಟ್ಟಿದ್ದು ಆ ಸಂದರ್ಭದ ನೆನಪಿಗೆ. ಹಾಗಾಗಿ ನನ್ನ ಪ್ರಶ್ನೆ: ಕೊಡಗನ್ನು ಒಂದು ಘಟಕವನ್ನಾಗಿ ಮಾಡಿದ್ದು ಈ ಏಣೇ, ಅಥವಾ ಬೇರೇನಾದರೂ ಇದೆಯೇ?

ಪಯಸ್ವಿನಿ ತಟ

ನಾನು ಸುಳ್ಯದ ಕಡೆಯವನು. ನೀರ್ಗಡಿಯವರ ವಾದ ಚೆನ್ನಾಗಿದೆ. ಆದರೆ ಅದು 1834ರ ನಂತರದ ನಕ್ಷೆಯನ್ನು ಕಣ್ಣ ಮುಂದಿಟ್ಟುಕೊಂಡು ಹಿಂದಿನದನ್ನು ನೋಡುತ್ತಿದೆ. ಹಾಲೇರಿ ಅರಸರ ರಾಜ್ಯ ಏಣಿನಲ್ಲಿ ನಿಲ್ಲುತ್ತಿರಲಿಲ್ಲ. ಅಮರಸುಳ್ಯ, ಪುತ್ತೂರುಗಳು ಆ ರಾಜ್ಯದ ಭಾಗವೇ ಆಗಿದ್ದವು. ಘಟ್ಟದ ಮೇಲಿನವರಿಗೆ ಉಪ್ಪು, ಒಣಮೀನು, ತೆಂಗಿನಕಾಯಿ ಕೆಳಗಿನಿಂದ ಬರಬೇಕು. ಕೆಳಗಿನವರಿಗೆ ಏಲಕ್ಕಿ, ಅಕ್ಕಿ ಮೇಲಿನಿಂದ ಇಳಿಯಬೇಕು. ಏಣನ್ನು ಗಡಿಯನ್ನಾಗಿ ಮಾಡಿದವರು ಇಂಗ್ಲಿಷರು. ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, 1834ರ ಮೇ 7ರಂದು ಕರ್ನಲ್ ಫ್ರೇಸರ್ ಕೊಡಗನ್ನು ಕಂಪನಿಯ ಆಡಳಿತಕ್ಕೆ ಸೇರಿಸಿದ ಘೋಷಣೆ ಹೊರಡಿಸಿದ ಮೇಲೆ, ಕೆಳಗಿನ ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು.

ಆ ಒಂದು ಗೆರೆಯ ಪರಿಣಾಮ ಮೂರು ವರ್ಷದೊಳಗೆ ಕಾಣಿಸಿತು. ಅರಸರ ಕಾಲದಲ್ಲಿ ಬೆಳೆದ ದವಸವನ್ನೇ ಕಂದಾಯವಾಗಿ ಕೊಡುತ್ತಿದ್ದ ರೈತರು ಈಗ ನಗದು ಕೊಡಬೇಕಾಯಿತು. ಹಣವೇ ಓಡಾಡದ ಗುಡ್ಡದ ಬುಡದ ಹಳ್ಳಿಗಳಲ್ಲಿ ಬತ್ತವನ್ನು ಸಿಕ್ಕ ಬೆಲೆಗೆ ಮಾರಿ ನಾಣ್ಯ ಹೊಂದಿಸಬೇಕಾಯಿತು. 1837ರ ಏಪ್ರಿಲಿನಲ್ಲಿ, ಹಾಲೇರಿ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ಜನ ಸುಳ್ಯದಿಂದ ಹೊರಟು ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ಕೈಯಲ್ಲಿ ಇಟ್ಟುಕೊಂಡಿದ್ದರು. ದಂಗೆಯ ಮುಖಂಡ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನ ಮುಖಂಡರಿಗೆ ಕಂಪನಿ ಪದಕ ಕೊಟ್ಟಿತು. ಮೇಲಿನವರಿಗೆ ಪದಕ, ಕೆಳಗಿನವರಿಗೆ ನೇಣು ಎಂದು ನಮ್ಮ ಕಡೆ ಹಿರಿಯರು ಈಗಲೂ ಕಹಿಯಾಗಿ ಹೇಳುವುದುಂಟು. ಅದು ಪೂರ್ತಿ ನ್ಯಾಯದ ಮಾತಲ್ಲ, ಏಕೆಂದರೆ ದಂಗೆಯಲ್ಲಿ ಘಟ್ಟದ ಮೇಲಿನವರೂ ಇದ್ದರು. ಆದರೂ ಏಣು ಹೇಗೆ ಗಡಿಯಾಯಿತು ಎಂಬುದಕ್ಕೆ ಅದು ಸಾಕ್ಷಿ.

ಇನ್ನೊಂದು ಮಾತು. ಗೆರೆ ಎಳೆದಾಗಲೂ ಅದು ಏಣಿನ ಮೇಲೆ ನೇರವಾಗಿ ಬೀಳಲಿಲ್ಲ. ಪೆರಾಜೆ, ಚೆಂಬು, ಸಂಪಾಜೆ ಇಂದಿಗೂ ಕೊಡಗು ಜಿಲ್ಲೆಯಲ್ಲಿವೆ. ಅಲ್ಲಿನ ಅಡಿಕೆ ತೋಟ, ಹಂಚಿನ ಮನೆ, ಸೆಕೆ, ಸಂತೆ ಎಲ್ಲವೂ ಸುಳ್ಯದ್ದೇ. ಅವರು ಸರ್ಕಾರಿ ಕೆಲಸಕ್ಕೆ ಮಾತ್ರ ಘಟ್ಟ ಹತ್ತುತ್ತಾರೆ.

ಮಳೆಪುಸ್ತಕ

ನಮ್ಮ ಮನೆಯ ಕಣದ ಅಂಚಿನಲ್ಲಿ ಮಳೆಮಾಪಕ ಇದೆ, ಬೆಳಿಗ್ಗೆ ಎಂಟಕ್ಕೆ ಅಳತೆ ನೋಡಿ ಬರೆದಿಡುವುದು ತಂದೆಯವರ ಕಾಲದಿಂದ ಬಂದ ಪದ್ಧತಿ. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ಕಾಫಿ ಬೆಳೆಗಾರರು ಇನ್ನೂ ಇಂಚು, ಸೆಂಟಿನಲ್ಲೇ ಇದ್ದಾರೆ (ನೂರು ಸೆಂಟಿಗೆ ಒಂದು ಇಂಚು). ಫೆಬ್ರುವರಿ ಮಾರ್ಚಿನಲ್ಲಿ ಫೋನು ಬಂದರೆ ಕುಶಲ ವಿಚಾರಣೆಗೆ ಮೊದಲು ಬರುವ ಪ್ರಶ್ನೆ ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂಬುದೇ. ಕಾಫಿಯ ಹೂ ಬಿರಿಸುವ ಹೂಮಳೆ ಒಂದು ಇಂಚಿನ ಆಸುಪಾಸು ಒಟ್ಟಿಗೆ ಬೀಳಬೇಕು. ಮೂವತ್ತು ಸೆಂಟು ಬಿದ್ದು ನಿಂತರೆ ಮೊಗ್ಗು ಅರೆಬರೆ ಬಿರಿದು ಕೆಡುತ್ತದೆ. ಬಿದ್ದ ಮೇಲೆ ಕೆಲವು ವಾರದೊಳಗೆ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ಹೊಳೆಯ ನೀರನ್ನು ಸ್ಪ್ರಿಂಕ್ಲರಿನಲ್ಲಿ ಹಾಯಿಸುವವರು ಬಚಾವಾಗುತ್ತಾರೆ, ಉಳಿದವರು ಆಕಾಶ ನೋಡಬೇಕು.

ಏಣಿನಷ್ಟೇ ಮುಖ್ಯವಾದದ್ದು ಮಳೆಯ ಇಳಿಕೆ ಎಂಬುದನ್ನು ಹೇಳಲೆಂದು ಇದನ್ನು ಬರೆದೆ. ಭಾಗಮಂಡಲದಲ್ಲಿ ಬೀಳುವ ಮಳೆ ಮಡಿಕೇರಿಯದಕ್ಕಿಂತ ಬಹಳ ಹೆಚ್ಚು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ. ಅಲ್ಲಿಂದ ಮೂವತ್ತು ಕಿಲೋಮೀಟರ್ ಪೂರ್ವಕ್ಕೆ ಇಳಿದು ಕುಶಾಲನಗರಕ್ಕೆ ಬಂದರೆ ಅದರ ಮೂರರಲ್ಲೊಂದು ಪಾಲು. ಜೋಳ, ಶುಂಠಿ, ತಂಬಾಕಿನ ಸೀಮೆ ಅಲ್ಲೇ ಶುರುವಾಗುತ್ತದೆ. ಒಂದೇ ಜಿಲ್ಲೆಯೊಳಗೆ ಏಲಕ್ಕಿ ಮಲೆ, ಕಾಫಿ ಬಾಣೆ, ಗದ್ದೆಬಯಲು, ಬಿದಿರುಮೆಳೆ, ಒಣಭೂಮಿ ಎಲ್ಲವೂ ಪಟ್ಟಿಪಟ್ಟಿಯಾಗಿ ಸಿಗುತ್ತವೆ.

ಕಾಫಿಯ ಚರಿತ್ರೆಯೂ ಈ ಪಟ್ಟಿಗಳನ್ನು ಅನುಸರಿಸಿಯೇ ನಡೆದಿದೆ. ಜಾನ್ ಫೌಲರ್ 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ತೋಟ ತೆರೆದ. ಅವನ ಹಿಂದೆ ಬಂದವರು ಮರಗಳನ್ನೆಲ್ಲ ಕಡಿದು ಬಿಸಿಲಿಗೆ ಕಾಫಿ ಇಟ್ಟರು. ಕಾಂಡಕೊರಕ ಬಂದು ತೋಟಗಳು ಒಣಗಿದವು. ಆಮೇಲೆ ಎಲೆತುಕ್ಕು. ನೆರಳಿಲ್ಲದೆ ಇಲ್ಲಿ ಕಾಫಿ ನಿಲ್ಲುವುದಿಲ್ಲ ಎಂಬುದನ್ನು ಹಣ ಕಳೆದುಕೊಂಡೇ ಕಲಿತರು. ಇಂದು ಪ್ರವಾಸಿಗರು ಕಾಡೆಂದು ಚಿತ್ರ ತೆಗೆಯುವ ಕೊಡಗಿನ ಹಸಿರಿನಲ್ಲಿ ಬಹುಪಾಲು ಆ ಪಾಠದಿಂದ ಉಳಿದ ನೆರಳುಮರ. ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಭಾಗ ಈ ಚಿಕ್ಕ ಜಿಲ್ಲೆಯಿಂದ ಹೋಗುತ್ತದೆ. ದಕ್ಷಿಣದಲ್ಲಿ ರೋಬಸ್ಟಾ ಹೆಚ್ಚು, ಉತ್ತರದ ಎತ್ತರದ ತೋಟಗಳಲ್ಲಿ ಅರೇಬಿಕಾ.

ಏಳುಸಾವಿರ

ಎಲ್ಲರೂ ಮಡಿಕೇರಿಯಿಂದ ದಕ್ಷಿಣಕ್ಕೇ ನೋಡುತ್ತಿದ್ದೀರಿ. ನಾನು ಸೋಮವಾರಪೇಟೆ ಕಡೆಯ ಏಳುಸಾವಿರ ಸೀಮೆಯವನಾದ್ದರಿಂದ ಒಂದು ಆಕ್ಷೇಪ ಎತ್ತಬೇಕಾಗಿದೆ. ಶನಿವಾರಸಂತೆ, ಕೊಡ್ಲಿಪೇಟೆಗಳ ನಂಟು ಸಕಲೇಶಪುರ, ಅರಕಲಗೂಡಿನ ಜೊತೆ. ಮನೆಮಾತು ಕನ್ನಡ. ಇಲ್ಲಿನ ಚರಿತ್ರೆ ಹಾಲೇರಿಗಿಂತ ಹಳೆಯದು. ಮುಳ್ಳೂರಿನ ಬಸದಿಗಳು 11ನೆಯ ಶತಮಾನದ ಕೊಂಗಾಳ್ವರ ಕಾಲದವು. ಚೋಳರ ಅಧೀನದಲ್ಲಿ ಕೊಂಗಾಳ್ವರು ಉತ್ತರ ಕೊಡಗನ್ನೂ ಇಂದಿನ ಹಾಸನ ಜಿಲ್ಲೆಯ ದಕ್ಷಿಣವನ್ನೂ ಒಟ್ಟಿಗೆ ಆಳಿದರು. ಚಂಗಾಳ್ವರು ಆಳಿದ್ದು ಪಿರಿಯಾಪಟ್ಟಣ, ಹುಣಸೂರಿನ ಕಡೆಯ ಸೀಮೆಯ ಜೊತೆಗೆ ಕೊಡಗಿನ ಪೂರ್ವಭಾಗವನ್ನು. ಆ ಎರಡೂ ರಾಜ್ಯಗಳಿಗೆ ಕೊಡಗು ಎಂಬ ಇಂದಿನ ಚೌಕಟ್ಟು ಇರಲೇ ಇಲ್ಲ.

ಏಣು ಪಶ್ಚಿಮದ ಗೋಡೆ ಎನ್ನುವುದನ್ನು ಒಪ್ಪೋಣ. ಪೂರ್ವಕ್ಕೂ ಉತ್ತರಕ್ಕೂ ಅಂಥ ಗೋಡೆ ಎಲ್ಲಿದೆ? ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಮೈಸೂರು ಜಿಲ್ಲೆ, ಉತ್ತರದಲ್ಲಿ ಹೇಮಾವತಿಯ ಆಚೆ ಹಾಸನ. ಬೇಸಿಗೆಯಲ್ಲಿ ಮೊಣಕಾಲು ನೀರಿನಲ್ಲಿ ದಾಟಬಹುದಾದ ಹೊಳೆಯನ್ನು ಪ್ರಕೃತಿ ಹಾಕಿದ ಗಡಿ ಎನ್ನಲಾಗದು. ಆ ಎರಡು ಬದಿಗಳಲ್ಲಿ ಗಡಿ ಹಾಕಿದ್ದು ಬೇರೆ ಏನೋ.

ಪಹಣಿಪುರಾಣ

ಆ ‘ಬೇರೆ ಏನೋ’ ಎಂಬುದು ಕಂದಾಯದ ದಫ್ತರು. ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತನಾದವನ ಮಾತೆಂದು ತೆಗೆದುಕೊಂಡರೂ ಅಡ್ಡಿಯಿಲ್ಲ. ಹೇಮಾವತಿಯ ಆಚೆ ದಡದ ಪಹಣಿಯನ್ನೂ ಈಚೆ ದಡದ ಪಹಣಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಜಿಲ್ಲೆ ಎಲ್ಲಿ ಬದಲಾಯಿತು ಎಂಬುದು ನಕ್ಷೆಯಿಲ್ಲದೆ ತಿಳಿಯುತ್ತದೆ.

ಕೊಡಗಿನಲ್ಲಿ ಜಮೀನು ಎಂದರೆ ಒಂದೇ ಬಗೆಯದಲ್ಲ. ಕಣಿವೆಯ ತಳದಲ್ಲಿ ಗದ್ದೆ. ಅದಕ್ಕೆ ಹೊಂದಿಕೊಂಡು ಗುಡ್ಡದ ಮೇಲೆ ಬಾಣೆ. ಗದ್ದೆಗೆ ಬೇಕಾದ ಸೊಪ್ಪು, ಮನೆಗೆ ಬೇಕಾದ ಸೌದೆ, ದನಕ್ಕೆ ಮೇವು ಇವುಗಳಿಗೆಂದು ಬಾಣೆಯನ್ನು ಕಂದಾಯವಿಲ್ಲದೆ ಗದ್ದೆಯ ಜೊತೆ ಬಿಟ್ಟುಕೊಟ್ಟಿದ್ದರು. ಇದರ ಆಚೆಗೆ ಊರಿನವರ ಸಾಮೂಹಿಕ ಕಾಡಾದ ಉರುಡುವೆ, ದೇವರಕಾಡು, ಸರ್ಕಾರಿ ಬಂಜರಾದ ಪೈಸಾರಿ. ಗದ್ದೆಯಲ್ಲಿಯೂ ಎರಡು ಮುಖ್ಯ ವಿಧ: ಪೂರ್ತಿ ಕಂದಾಯದ ಸಾಗು, ಸುಮಾರು ಅರ್ಧ ಕಂದಾಯದ ಜಮ್ಮಾ. ಜಮ್ಮಾ ಹಿಡಿದ ಒಕ್ಕ, ಅಂದರೆ ಕೂಡುಕುಟುಂಬ, ಅರಸನಿಗೆ ಯುದ್ಧಕ್ಕೂ ಇತರ ಸೇವೆಗೂ ಆಳು ಕೊಡಬೇಕಾಗಿತ್ತು. ಜಮೀನನ್ನು ಮಾರುವಂತಿರಲಿಲ್ಲ, ಒಡೆಯುವಂತಿರಲಿಲ್ಲ. ಇಂಗ್ಲಿಷರು ಅರಸನನ್ನು ತೆಗೆದರೂ ಈ ಏರ್ಪಾಟನ್ನು ಮುಟ್ಟಲಿಲ್ಲ. 1899ರ ಕೊಡಗು ಭೂಕಂದಾಯ ನಿಯಮಾವಳಿಯಲ್ಲಿ ಅದಕ್ಕೆ ಕಾನೂನಿನ ರೂಪ ಕೊಟ್ಟರು. ಬಂದೂಕಿನ ಪರವಾನಗಿಯ ವಿನಾಯಿತಿ ಜಮ್ಮಾ ಹಿಡುವಳಿಗೂ ಅಂಟಿಕೊಂಡು ಬಂದದ್ದು ಇದೇ ಹಿನ್ನೆಲೆಯಿಂದ.

ಒಂದು ಪಹಣಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದೇ ಸರ್ವೆ ನಂಬರು. ಒಕ್ಕದ ಯಜಮಾನನಾದ ಪಟ್ಟೇದಾರನ ಹೆಸರು ಮೊದಲು, ಅವನು ತೀರಿಕೊಂಡು ಎರಡು ತಲೆಮಾರು ಕಳೆದಿರುತ್ತದೆ. ಕೆಳಗೆ ಒಕ್ಕದ ಹತ್ತಾರು ಹೆಸರುಗಳು. ಅದರಲ್ಲಿ ಕೆಲವರು ಬೆಂಗಳೂರಿನಲ್ಲಿ, ಕೆಲವರು ಸೈನ್ಯದಲ್ಲಿ, ಕೆಲವರು ಎಲ್ಲಿದ್ದಾರೋ ಯಾರಿಗೂ ತಿಳಿಯದು. ನೆಲದ ಮೇಲೆ ಪಾಲು ಎಂದೋ ಆಗಿದೆ, ಕಾಗದದ ಮೇಲೆ ಆಗಿಲ್ಲ. ಕೊನೆಯ ತಮ್ಮನ ಮಗ ಕಾಫಿ ಸಾಲಕ್ಕೆ ಬ್ಯಾಂಕಿಗೆ ಹೋದರೆ ಎಲ್ಲರ ಸಹಿ ತರಬೇಕು. ಬಾಣೆಯ ಮೇಲೆ ಪೂರ್ಣ ಒಡೆತನ ಇದೆಯೇ ಎಂಬ ಪ್ರಶ್ನೆ 1993ರಲ್ಲಿ ಹೈಕೋರ್ಟಿನ ಪೂರ್ಣಪೀಠದವರೆಗೆ ಹೋಗಿ ಹಿಡುವಳಿದಾರರ ವಿರುದ್ಧ ತೀರ್ಪಾಯಿತು. ಅದನ್ನು ಸರಿಪಡಿಸಲು 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ಮೈಸೂರು ಸಂಸ್ಥಾನದ ರೈತವಾರಿ ಪದ್ಧತಿಯಲ್ಲಿ ಬೆಳೆದ ಅಧಿಕಾರಿಗಳು ಇಲ್ಲಿಗೆ ವರ್ಗವಾಗಿ ಬಂದಾಗ ಮೊದಲ ತಿಂಗಳುಗಳಲ್ಲಿ ತಲೆ ಕೆಡಿಸಿಕೊಳ್ಳುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಏಣು ಒಂದು ಬದಿಯ ಗಡಿ ಮಾತ್ರ ಎಂದ ಏಳುಸಾವಿರದವರ ಆಕ್ಷೇಪವನ್ನು ಒಪ್ಪುತ್ತೇನೆ. ಉಳಿದ ಬದಿಗಳನ್ನು ಹಾಕಿದ್ದು ಈ ಹಿಡುವಳಿ ಪದ್ಧತಿ ಎಂದೇ ನನ್ನ ತಿಳಿವಳಿಕೆ.

ಬೆಟ್ಟದಾರಿ

ಪಹಣಿಪುರಾಣದವರ ವಿವರಣೆ ಉಪಯುಕ್ತವಾದುದೇ. ಆದರೆ ಆ ಪಹಣಿಯಲ್ಲಿ ಎಂದೂ ಹೆಸರು ಬಾರದವರ ಚರಿತ್ರೆ ಈ ಚರ್ಚೆಯಲ್ಲಿ ಇನ್ನೂ ಬಂದಿಲ್ಲ. ಜಮ್ಮಾ ಗದ್ದೆಯನ್ನು ಉತ್ತವರಲ್ಲಿ ದೊಡ್ಡ ಪಾಲು ಯರವ ಆದಿವಾಸಿಗಳು. ಜಮೀನಿನ ಜೊತೆಗೇ ಅವರನ್ನೂ ಆಳುಗಳೆಂದು ಲೆಕ್ಕ ಹಿಡಿಯುತ್ತಿದ್ದ ಕಾಲವಿತ್ತು. ಜೇನುಕುರುಬರು, ಬೆಟ್ಟಕುರುಬರು ಕಾಡಿನಲ್ಲಿದ್ದರು. ಕಾಡು ಮೊದಲು ಮೀಸಲು ಅರಣ್ಯವಾಯಿತು, ನಾಗರಹೊಳೆ 1955ರಲ್ಲಿ ವನ್ಯಧಾಮವಾಗಿ ಆಮೇಲೆ ರಾಷ್ಟ್ರೀಯ ಉದ್ಯಾನವಾಯಿತು. ಕಾಡಿನೊಳಗಿನ ಹಾಡಿಯಿಂದ ಹೊರಬಿದ್ದವರು ಕಾಫಿ ತೋಟದ ಲೈನ್‌ಮನೆ, ಅಂದರೆ ಆಳುಗಳಿಗೆಂದು ಸಾಲಾಗಿ ಕಟ್ಟಿದ ಮನೆ, ಸೇರಿದರು. ಲೈನ್‌ಮನೆಯಲ್ಲಿರುವವರೆಗೆ ಕೆಲಸ, ಕೆಲಸ ಇರುವವರೆಗೆ ಮನೆ. ಮನೆಯ ವಿಳಾಸ ಸ್ವಂತದ್ದಲ್ಲವಾದ್ದರಿಂದ ಪಡಿತರ ಚೀಟಿಗೂ ಮಾಲೀಕರ ಮಾತು ಬೇಕಾಗುತ್ತಿತ್ತು.

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದದ್ದು ಈ ಸರಪಳಿಯ ಒಂದು ಕೊಂಡಿ. ಲೈನ್‌ಮನೆ ಬಿಟ್ಟು ಬಂದು ಗುಡಿಸಲು ಹಾಕಿಕೊಂಡಿದ್ದ ಆದಿವಾಸಿ ಕುಟುಂಬಗಳನ್ನು ಅರಣ್ಯಭೂಮಿಯೆಂಬ ಕಾರಣಕ್ಕೆ ತೆರವುಗೊಳಿಸಲಾಯಿತು. ದೀರ್ಘ ಹೋರಾಟದ ನಂತರ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಮನೆ ದೊರಕಿತು. ಆ ಎರಡು ಊರುಗಳು ಉತ್ತರದಲ್ಲಿವೆ, ದಿಡ್ಡಳ್ಳಿ ಇರುವುದು ದಕ್ಷಿಣದ ನಾಗರಹೊಳೆ ಕಾಡಿನಂಚಿನಲ್ಲಿ. ಕಾಡಿನ ಗೆಣಸು, ಜೇನು, ಬಂಧುಬಳಗ ಎಲ್ಲವೂ ಹಿಂದುಳಿದವು. ಹೊರಗಿನಿಂದ ನೋಡುವವರಿಗೆ ಜಿಲ್ಲೆಯೊಳಗಿನ ಸಣ್ಣ ಸ್ಥಳಾಂತರವೆನಿಸಬಹುದು. ಮಳೆಪುಸ್ತಕದವರು ಹೇಳಿದ ಆ ಪಟ್ಟಿಗಳ ಲೆಕ್ಕದಲ್ಲಿ ಅದು ಬೇರೆಯೇ ಸೀಮೆ.

ತಕ್ಕಡಿ

ನಡುವೆ ಒಂದು ಚಿಕ್ಕ ಸೇರ್ಪಡೆ. ಕೊಡಗು ‘ಸಿ’ ದರ್ಜೆಯ ರಾಜ್ಯವಾಗಿದ್ದ, ಅಂದರೆ ಕೇಂದ್ರದ ಅಧೀನದಲ್ಲಿ ಪ್ರತ್ಯೇಕ ಚಿಕ್ಕ ರಾಜ್ಯವಾಗಿದ್ದ ಕಾಲವನ್ನು ಯಾರೂ ಪ್ರಸ್ತಾಪಿಸಿಲ್ಲ. 1952ರ ಚುನಾವಣೆಯಲ್ಲಿ 24 ಸ್ಥಾನಗಳ ವಿಧಾನಸಭೆ, ಕಾಂಗ್ರೆಸ್ಸಿಗೆ 15, ಉಳಿದವು ತಕ್ಕಡಿ ಚಿಹ್ನೆಯಡಿ ಒಟ್ಟುಗೂಡಿದ್ದ ಸ್ವತಂತ್ರರಿಗೆ. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಅವರೂ ಸೇರಿ ಮಂತ್ರಿಮಂಡಲದಲ್ಲಿ ಇಬ್ಬರೇ. ತಕ್ಕಡಿ ಬಣ ಮೈಸೂರಿನೊಡನೆ ವಿಲೀನವನ್ನು ವಿರೋಧಿಸಿತ್ತು. 1956ರ ನವೆಂಬರ್ 1ರಂದು ವಿಲೀನವಾಯಿತು. ಇಂದು ಮಡಿಕೇರಿಯಲ್ಲಿ ಪ್ರತ್ಯೇಕತೆಯ ಮಾತು ಎದ್ದಾಗಲೆಲ್ಲ ಈ ನಾಲ್ಕೂವರೆ ವರ್ಷ ಹೊರಗೆ ಬರುತ್ತದೆ. ನನಗಂತೂ ಆ ವಾದದಲ್ಲಿ ಅಷ್ಟು ಹುರುಳು ಕಾಣುವುದಿಲ್ಲ. ಆಗಿನ ಜನಸಂಖ್ಯೆ ಎರಡೂಕಾಲು ಲಕ್ಷ ಚಿಲ್ಲರೆ, 2011ರ ಜನಗಣತಿಯಲ್ಲಿಯೂ 5,54,519 ಮಾತ್ರ.

ನೀರ್ಗಡಿ

ಎಲ್ಲರಿಗೂ ವಂದನೆಗಳು. ಪೂರ್ವ, ಉತ್ತರಗಳಿಗೆ ಏಣಿನ ವಾದ ತಾಗುವುದಿಲ್ಲ ಎಂಬ ಆಕ್ಷೇಪಕ್ಕೆ ಪಹಣಿಪುರಾಣದವರ ಉತ್ತರ ಸಮರ್ಪಕವಾಗಿದೆ. ಆದರೆ ನೆಲದ ರಚನೆಯೂ ಕಂದಾಯದ ರಚನೆಯೂ ಒಂದರ ಮೇಲೊಂದು ಬಂದು ಕೂರುವ ಜಾಗ ಬಾಣೆ ಎಂದು ನನಗೆ ಈಗ ತೋರುತ್ತಿದೆ. ಅದಕ್ಕೆ 2018ರ ಆಗಸ್ಟನ್ನು ನೋಡಬೇಕು.

ಆ ತಿಂಗಳ ನಡುವಿನ ಕೆಲವೇ ದಿನಗಳಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಹೆಮ್ಮೆತ್ತಾಳು, ಮುಕ್ಕೋಡ್ಲು, ಜೋಡುಪಾಲ, ಮೊಣ್ಣಂಗೇರಿಗಳಲ್ಲಿ ಗುಡ್ಡಗಳು ಜರಿದವು. ಸಂಪಾಜೆ ಘಾಟಿಯ ಹೆದ್ದಾರಿ ತಿಂಗಳುಗಟ್ಟಲೆ ಕೆಟ್ಟಿತು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಕುಸಿತ, ಕರಡಿಗೋಡು ಕಡೆ ಕಾವೇರಿಯ ಪ್ರವಾಹ. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಕುಟುಂಬವೇ ಮಣ್ಣಿನಡಿ ಸೇರಿತು. ಮಳೆ ಅಸಾಧಾರಣವಾಗಿತ್ತು ಎನ್ನುವುದು ನಿಜ. ಆದರೆ ಮಡಿಕೇರಿಯ ಸುತ್ತ ಬಂಡೆಯ ಮೇಲೆ ಬಹು ದಪ್ಪವಾಗಿ ಶಿಥಿಲವಾದ ಮಣ್ಣು ಕುಳಿತಿದೆ. ಅದರೊಳಗೆ ನೀರು ಇಳಿದು ತುಂಬಿಕೊಂಡಾಗ ಬುಡದಲ್ಲಿ ಆಸರೆ ಇಲ್ಲದಿದ್ದರೆ ಇಡೀ ಮೈ ಜಾರುತ್ತದೆ. ಆ ಬುಡವನ್ನೇ ನಾವು ರಸ್ತೆಗೆ, ಮನೆಗೆ, ಹೋಂಸ್ಟೇಗೆ ಜೆಸಿಬಿಯಲ್ಲಿ ಕೊರೆದು ನೇರ ಬರೆ, ಅಂದರೆ ಮಣ್ಣಿನ ಗೋಡೆ, ಮಾಡಿದ್ದೇವೆ. ಮೊದಲ ಮಳೆಗೆ ಬರೆ ಕುಸಿದಾಗ ಮಣ್ಣು ಎತ್ತಿ ಹಾಕಿ ಮತ್ತೆ ನೇರವಾಗಿಯೇ ಕಡಿಯುತ್ತೇವೆ.

ಸೊಪ್ಪು ಸೌದೆಗೆಂದು ಬಿಟ್ಟಿದ್ದ ಬಾಣೆ ಮೊದಲು ಕಾಫಿಯಾಯಿತು. ಅದರಿಂದ ಗುಡ್ಡಕ್ಕೆ ದೊಡ್ಡ ಹಾನಿ ಆಗಲಿಲ್ಲ, ಬೇರು ಉಳಿಯಿತು, ನೆರಳುಮರ ಉಳಿಯಿತು. ಈಗ ಬಾಣೆ ನಿವೇಶನವಾಗುತ್ತಿದೆ. ಆ ಬದಲಾವಣೆಯೇ ಬೇರೆ ಬಗೆಯದು.

ಮಳೆಪುಸ್ತಕ

ಕಾಫಿಯಾದದ್ದರಿಂದ ಹಾನಿ ಆಗಲಿಲ್ಲ ಎಂಬ ಮಾತನ್ನು ಬೆಳೆಗಾರನಾದ ನಾನೇ ಅಷ್ಟು ಸುಲಭವಾಗಿ ಒಪ್ಪಲಾರೆ. ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿದ ಇಳಿಜಾರು ಬೇರೆ, ಹಲಸು, ಅತ್ತಿ, ನಂದಿಮರ ಉಳಿಸಿಕೊಂಡ ಇಳಿಜಾರು ಬೇರೆ. 2018ರಲ್ಲಿ ಜಾರಿದ ಜಾಗಗಳಲ್ಲಿ ಕಾಫಿ ತೋಟಗಳೂ ಇದ್ದವು, ಮನೆಯೇ ಇಲ್ಲದ ಮಲೆಯೂ ಇತ್ತು. ಹೋಂಸ್ಟೇ ಒಂದರ ಮೇಲೆ ಎಲ್ಲವನ್ನೂ ಹೊರಿಸಿದರೆ ಕೆಲಸ ಸಲೀಸಾಗುತ್ತದೆ, ಕಾರಣ ಮಾತ್ರ ಪೂರ್ತಿ ಆಗುವುದಿಲ್ಲ. ಗದ್ದೆಗಳು ಪಾಳು ಬಿದ್ದದ್ದನ್ನೂ ಸೇರಿಸಿಕೊಳ್ಳಿ. ಬತ್ತ ಬೆಳೆಯುತ್ತಿದ್ದಾಗ ಪ್ರತಿವರ್ಷ ಮಳೆಗೆ ಮುನ್ನ ತೋಡು ಬಿಡಿಸುತ್ತಿದ್ದರು, ಗುಡ್ಡದಿಂದ ಇಳಿದ ನೀರಿಗೆ ದಾರಿ ಇರುತ್ತಿತ್ತು. ಬತ್ತ ನಷ್ಟವೆಂದು ಗದ್ದೆ ಬಿಟ್ಟ ಮೇಲೆ ತೋಡಿನಲ್ಲಿ ಕಳೆ ಬೆಳೆದಿದೆ.

ಪಹಣಿಪುರಾಣ

ತೋಡಿನ ವಿಷಯ ಸರಿಯಾದ ಜಾಗಕ್ಕೆ ತಾಗಿದೆ. ಗದ್ದೆಯನ್ನು ಬಿಟ್ಟು ಬಾಣೆಯನ್ನು ಬೇರೆಯಾಗಿ ಮಾರುವುದು ಹಳೆಯ ನಿಯಮದಲ್ಲಿ ಸಾಧ್ಯವಿರಲಿಲ್ಲ. ಬಾಣೆ ಗದ್ದೆಯ ಬಾಲ, ಅದನ್ನು ಕತ್ತರಿಸಿ ಕೊಡುವಂತಿರಲಿಲ್ಲ. ಈಗ ಬಾಣೆಯ ಒಂದು ತುಂಡು ಭೂಪರಿವರ್ತನೆಯಾಗಿ ಬೇರೆಯವರ ಕೈಗೆ ಹೋದರೆ, ಅದರ ಕೆಳಗಿನ ತೋಡನ್ನು ಬಿಡಿಸುವ ಹೊಣೆ ಯಾರದೆಂದು ಕಾಗದದಲ್ಲಿ ಎಲ್ಲಿಯೂ ಇಲ್ಲ. ಪಹಣಿಯಲ್ಲಿ ವಿಸ್ತೀರ್ಣ, ಬೆಳೆ, ಋಣ ಎಲ್ಲಕ್ಕೂ ಕಾಲಂ ಇದೆ. ಇಳಿಜಾರು ಎಷ್ಟು ಎಂಬುದಕ್ಕೆ ಕಾಲಂ ಇಲ್ಲ. ಭೂಪರಿವರ್ತನೆಯ ಅರ್ಜಿಯ ಜೊತೆಗೆ ಇಳಿಜಾರಿನ ಅಳತೆಯನ್ನೂ ಕೆಳಗಿನ ತೋಡಿನ ನಕ್ಷೆಯನ್ನೂ ಕಡ್ಡಾಯ ಮಾಡಿದರೆ, ಹೊಸ ಕಾನೂನಿಲ್ಲದೆಯೇ ಅರ್ಧ ಕೆಲಸ ತಹಶೀಲ್ದಾರರ ಕಚೇರಿಯಲ್ಲೇ ಆಗುತ್ತದೆ.

ಪಯಸ್ವಿನಿ ತಟ

ಹಾಗೆ ನಕ್ಷೆ ಮಾಡುವುದಾದರೆ ಜಿಲ್ಲೆಯ ಗಡಿಯಲ್ಲಿ ನಿಲ್ಲಿಸಬೇಡಿ. 2018ರಲ್ಲಿ ಜೋಡುಪಾಲದಿಂದ ಜಾರಿದ ಮರ, ಮಣ್ಣು, ಬಂಡೆ ಎಲ್ಲವೂ ಪಯಸ್ವಿನಿಯ ಕಡೆಗೇ ಇಳಿದವು. ಹೊಳೆ ತಿಂಗಳುಗಟ್ಟಲೆ ಕೆಂಪಾಗಿ ಹರಿಯಿತು, ಎಷ್ಟೋ ತೋಟಗಳ ಬದಿಯಲ್ಲಿ ಮರಳು, ಹೂಳು ನಿಂತಿತು. ಮೇಲಿನ ಮಡಿಕೇರಿ ತಾಲ್ಲೂಕಿನ ಅಳತೆ ಸುಳ್ಯ ತಾಲ್ಲೂಕಿನ ಕಚೇರಿಗೆ ಎಂದಾದರೂ ತಲುಪುತ್ತದೆಯೇ ಎಂಬುದನ್ನು ಇಲ್ಲಿ ಕಂದಾಯ ಇಲಾಖೆಯ ಅನುಭವ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.